ಸಣ್ಣ ನೂಲಿನ ವಿಮಾನ

ನಮ್ಮ ಮನೆಯ ವಿಮಾನಗಳು ಕರೆಂಟು ಇದ್ದಾಗ ಮಾತ್ರ ಓಡಾಡುತ್ತಿದ್ದವು. ಬನಹಟ್ಟಿಯ ನಮ್ಮ ಓಣಿಯ ಬಹಳಷ್ಟು ಮನೆಗಳಂತೆ ನಮ್ಮಲ್ಲೂ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಪಡಸಾಲೆ ದಾಟಿದರೆ ಮಗ್ಗದ ಕೋಣೆ, ಅದರ ಬೆನ್ನಿಗೇ ಅಡುಗೆಮನೆ. ಪಡಸಾಲೆಯ ಗೋಡೆಗೆ ಅಪ್ಪ ಹೊಡೆದುಕೊಟ್ಟ ಉದ್ದನೆಯ ಹಲಗೆಯ ಮೇಲೆ ನನ್ನ ಮೂರು ಯುದ್ಧವಿಮಾನಗಳು, ಹಂಟರ್, ಮಿಗ್, ನ್ಯಾಟ್, ನಿಂತಿರುತ್ತಿದ್ದವು. ಮಗ್ಗ ಶುರುವಾಯಿತೆಂದರೆ ಗೋಡೆ ನಡುಗಿ, ಹಲಗೆ ನಡುಗಿ, ಅವು ತಮ್ಮ ಪುಟ್ಟ ಗಾಲಿಗಳ ಮೇಲೆ ಗೊತ್ತೇ ಆಗದಂತೆ ಸರಿಯುತ್ತಿದ್ದವು. ಬೆಳಿಗ್ಗೆ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ ಹಂಟರ್ ನಾನು ಶಾಲೆಯಿಂದ ಬರುವ ಹೊತ್ತಿಗೆ ಗೋಡೆಗೆ ಮೂಗು ತಿಕ್ಕುತ್ತ ನಿಂತಿರುತ್ತಿತ್ತು. ಮಿಗ್ ಒಮ್ಮೆ ಹಲಗೆಯ ಅಂಚಿಗೆ ಬಂದು ಒಂದು ಗಾಲಿ ಗಾಳಿಯಲ್ಲಿಟ್ಟುಕೊಂಡು ನಿಂತಿದ್ದನ್ನು ಅವ್ವ ನೋಡಿ, ಅಂಚಿಗೆ ಒಂದು ಮರದ ಪಟ್ಟಿ ಹೊಡೆಸಿದಳು. ಕರೆಂಟು ಹೋದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತಿದ್ದವು, ನಾವೂ ನಿಲ್ಲುತ್ತಿದ್ದೆವು. ಆ ಸದ್ದಿನಲ್ಲಿ ಬೆಳೆದ ನಮಗೆ ಪಿಸುಮಾತು ಬರುತ್ತಿರಲಿಲ್ಲ. ಉಪ್ಪು ಕೊಡು ಎನ್ನುವುದನ್ನೂ ಜಗಳದ ದನಿಯಲ್ಲಿ ಹೇಳುವ ಮನೆ ನಮ್ಮದು. ಹೊರಗಿನವರ ಮನೆಗೆ ಹೋದಾಗ ನನ್ನ ದನಿ ಕೇಳಿ ಜನ ತಿರುಗಿ ನೋಡುತ್ತಿದ್ದರು, ನಾನು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಮನೆಯ ಬಗ್ಗೆ ನಾಚಿಕೆಪಡುವುದನ್ನು ನಾನು ಮೊದಲು ಕಲಿತದ್ದು ಹೀಗೆ, ನನ್ನದೇ ಗಂಟಲಿನಿಂದ.

ವಿಮಾನಗಳನ್ನು ತಂದುಕೊಟ್ಟವನು ಅವ್ವನ ತಮ್ಮ, ನಮ್ಮ ಮಾವ. ಅವನು ವಾಯುಪಡೆಯಲ್ಲಿದ್ದ. ವಿಮಾನ ಹಾರಿಸುತ್ತಿರಲಿಲ್ಲ, ಅವುಗಳ ಗಾಲಿ, ಬ್ರೇಕು ನೋಡಿಕೊಳ್ಳುವ ಕೆಲಸ. ಓಣಿಯ ಜನಕ್ಕೆ ಮಾತ್ರ ಅವನು ಪೈಲಟ್ಟೇ ಆಗಿದ್ದ, ಅವನೂ ಅದನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ರಜೆಗೆ ಬಂದಾಗಲೊಮ್ಮೆ ಒಂದು ಡಬ್ಬಿ ತರುತ್ತಿದ್ದ. ತುಂಡು ತುಂಡು ಜೋಡಿಸಿ ಅಂಟು ಹಚ್ಚುವ ಸಾಮಾನಲ್ಲ ಅವು. ಲೋಹದ ಮೈ, ಬಣ್ಣ ಬಳಿದು, ರೆಕ್ಕೆಯ ಮೇಲೆ ಕೇಸರಿ ಬಿಳಿ ಹಸಿರಿನ ಚಕ್ರ ಅಚ್ಚೊತ್ತಿ, ಪೂರಾ ತಯಾರಾಗಿ ಬಂದ ವಿಮಾನಗಳು. ಡಬ್ಬಿ ಬಿಚ್ಚಿ ಹಲಗೆಯ ಮೇಲಿಟ್ಟರೆ ಮುಗಿಯಿತು. ಮೊದಲು ಹಂಟರ್ ಬಂತು, ಆಮೇಲೆ ಮಿಗ್, ಆಮೇಲೆ ನ್ಯಾಟ್. ಮಿಗ್ಗಿನ ಉದ್ದ ಮೂತಿ ನೋಡಿ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಅದಕ್ಕೆ ಮುಧೋಳ ನಾಯಿ ಎಂದು ಹೆಸರಿಟ್ಟಳು. ಮೂರರ ಹೊಟ್ಟೆಯ ಮೇಲೂ ಸಣ್ಣ ಅಕ್ಷರದಲ್ಲಿ 1/72 ಎಂದು ಬರೆದಿತ್ತು. ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು ಎಂದು ಮಾವ ನನಗೆ ಹೇಳಿದ್ದ. ನನಗೆ ಹೇಳಿದ್ದ, ಅಪ್ಪನಿಗೆ ಹೇಳಿರಲಿಲ್ಲ. ಅಪ್ಪನಿಗೆ ಅದನ್ನು ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಯಾಕೆಂದರೆ ಅಂಕಿಗಳ ವಿಷಯದಲ್ಲಿ ಅಪ್ಪನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನೂಲಿನ ಕಟ್ಟಿನ ಚೀಟಿಯ ಮೇಲೆ ಹೀಗೆಯೇ ಬರೆದಿರುತ್ತದೆ: 2/80, 2/60. ಮೊದಲ ಅಂಕಿ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆಂಬುದು, ಎರಡನೆಯದು ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ, ಸಣ್ಣಗಾದಷ್ಟೂ ಸೀರೆ ನಯ, ಅದನ್ನು ನೇಯುವುದು ಅಷ್ಟೇ ಕಷ್ಟ. ದಪ್ಪ ನೂಲನ್ನು ನಮ್ಮ ಕಡೆ ಜಾಡ ಎನ್ನುತ್ತಾರೆ, ಮೂಗು ಮುರಿದುಕೊಂಡೇ ಎನ್ನುತ್ತಾರೆ. ಚೀಟಿಯಲ್ಲಿ ಒಂದು, ಒಳಗೆ ಇನ್ನೊಂದು ಇದ್ದೀತೆಂಬ ಅನುಮಾನ ಬಂದಾಗ ನೇಕಾರರು ಎಳೆಯೊಂದನ್ನು ಕಿತ್ತುಕೊಂಡು ಅಪ್ಪನ ಹತ್ತಿರ ಬರುತ್ತಿದ್ದರು. ರಬಕವಿಯಿಂದಲೂ ಬರುತ್ತಿದ್ದರು. ಅಪ್ಪ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು, ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ಹೊರಳಿಸುತ್ತಿದ್ದ. ಬಂದವರು ಅವನ ಬೆರಳು ನೋಡುತ್ತಿದ್ದರು.

"ಎಂಬತ್ತು ಅಲ್ಲೋ ತಮ್ಮಾ ಇದು. ಅರವತ್ತು ಐತಿ. ತಿರಿಗಿ ಕೊಟ್ಟ ಬಾ."

ಅಲ್ಲಿಗೆ ಮುಗಿಯಿತು. ಅಪ್ಪ ಹೇಳಿದ ಮೇಲೆ ನೂಲು ಕೊಟ್ಟ ವ್ಯಾಪಾರಿಯೂ ಮರುಮಾತಾಡದೆ ಕಟ್ಟು ಬದಲಿಸಿಕೊಡುತ್ತಿದ್ದ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಅಪ್ಪ ಮಲ್ಲಪ್ಪನಿಗೆ ಓಣಿಯಲ್ಲಿ ಇದ್ದ ಮರ್ಯಾದೆಯೆಲ್ಲ ಆ ಎರಡು ಬೆರಳುಗಳ ಮೇಲೆ ನಿಂತಿತ್ತು. ನಮ್ಮ ಮನೆಯಲ್ಲಿ ಸಣ್ಣ ಎಂಬುದು ಹೊಗಳಿಕೆಯ ಮಾತು. ಅವ್ವ ಹಿಟ್ಟು ಚೆನ್ನಾಗಿ ಬೀಸಿ ಬಂದಿದ್ದರೆ ಸಣ್ಣ ಐತಿ ಎನ್ನುತ್ತಿದ್ದಳು, ಅಪ್ಪ ಯಾರಾದರೂ ಜಾಣತನದ ಮಾತಾಡಿದರೆ ಆ ಮನುಷ್ಯನ ಬುದ್ಧಿ ಸಣ್ಣ ನೂಲಿನದು ಎನ್ನುತ್ತಿದ್ದ. ಅದೇ ಮಾತಿಗೆ ಬೇರೆ ಮನೆಗಳಲ್ಲಿ ಬೇರೆ ಅರ್ಥ ಇರಬಹುದೆಂದು ನನಗೆ ತಿಳಿದದ್ದು ಅಶ್ವಿನಿಯ ಮನೆಯಲ್ಲಿ.

ಅಶ್ವಿನಿ ನನ್ನ ತರಗತಿಯವಳು. ಅವಳ ತಂದೆ ರಬಕವಿಯ ಬಟ್ಟೆ ವ್ಯಾಪಾರಿ. ಅಪ್ಪ ಅವರಿಂದಲೇ ನೂಲು ತಂದು ಸೀರೆ ನೇಯ್ದು ಅವರಿಗೇ ಕೊಡುತ್ತಿದ್ದ, ಅವರನ್ನು ಸಾವಕಾರ್ರು ಎನ್ನುತ್ತಿದ್ದ. ಅವರ ಮನೆಯಲ್ಲಿ ಒಂದು ಗಾಜಿನ ಕಪಾಟಿತ್ತು, ಅದರಲ್ಲಿ ಹನ್ನೊಂದು ವಿಮಾನಗಳಿದ್ದವು. ಅವು ಅವಳ ಅಣ್ಣನವು. ಅಣ್ಣ ಹಾಸ್ಟೆಲ್ಲಿಗೆ ಹೋದ ಮೇಲೆ ಕಪಾಟಿನ ಕೀಲಿ ಅವಳ ಕೈಗೆ ಬಂದಿತ್ತು. ನನ್ನ ಬಳಿಯೂ ವಿಮಾನಗಳಿವೆಯೆಂದು ತಿಳಿದ ದಿನದಿಂದ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದಳು. ರವಿವಾರ ನಾನು ನನ್ನದೊಂದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಅವಳು ಅದೇ ಜಾತಿಯ ತನ್ನದನ್ನು ಕಪಾಟಿನಿಂದ ತೆಗೆಯುತ್ತಿದ್ದಳು. ಎರಡನ್ನೂ ಬಿಳಿಯ ಹಾಸಿನ ಮೇಲೆ ಅಕ್ಕಪಕ್ಕ ಇಟ್ಟು, ಅವಳ ಅಜ್ಜನ ಭೂತಗನ್ನಡಿ ಹಿಡಿದು ನಾವು ಶುರು ಮಾಡುತ್ತಿದ್ದೆವು. ರೆಕ್ಕೆಯ ಚಕ್ರದ ಹಸಿರು ಬೊಟ್ಟು ಸರಿಯಾಗಿ ನಡುವೆ ಕೂತಿದೆಯೇ? ಮೂಗಿನ ಸೂಜಿ ನೆಟ್ಟಗಿದೆಯೇ? ಗಾಜಿನೊಳಗೆ ಪೈಲಟ್ ಇದ್ದಾನೆಯೇ, ಬರೀ ಕುರ್ಚಿಯೇ? ಬಾಲದ ಮೇಲಿನ ಪಟ್ಟಿಯ ಬಣ್ಣ ಗೆರೆ ದಾಟಿದೆಯೇ? ನನ್ನ ಹಂಟರಿನಲ್ಲಿ ಪೈಲಟ್ ಇದ್ದ, ಅವಳದರಲ್ಲಿ ಇರಲಿಲ್ಲ. ಆ ದಿನ ನಾನು ಮನೆಗೆ ಓಡುತ್ತ ಬಂದಿದ್ದೆ. ಆದರೆ ನನ್ನವುಗಳ ಗಾಲಿಗಳು ಸವೆದಿದ್ದವು. ಮಗ್ಗದ ನಡುಕಕ್ಕೆ ದಿನವಿಡೀ ಹಲಗೆಯ ಮೇಲೆ ತಿಕ್ಕಿ ತಿಕ್ಕಿ ಬಣ್ಣ ಹೋಗಿತ್ತು. ಇದ್ಯಾಕೆ ಹೀಗೆ ಎಂದು ಅಶ್ವಿನಿ ಕೇಳಿದಾಗ ನಾನು ಮಗ್ಗದ ಮಾತೆತ್ತದೆ, ಮಾವ ಓಡಿಸಿ ನೋಡಿದ್ದಾನೆ ಎಂದು ಸುಳ್ಳು ಹೇಳಿದೆ.

ಹೋಲಿಸಿ ನೋಡುವುದಕ್ಕೆ ಅವಳದೊಂದು ಕಟ್ಟಳೆಯಿತ್ತು.

"ಅಳತಿ ಒಂದ ಇರಬೇಕ್ ನೋಡು. ಸಣ್ಣವು ನಡಿಯೂದಿಲ್ಲ. ಸಣ್ಣವು ಆಟಿಗಿ ಸಾಮಾನು."

ಅವಳ ಅಣ್ಣನಿಗೆ ಯಾರೋ ಕೊಟ್ಟ 1/144ರ ನಾಲ್ಕೈದು ವಿಮಾನಗಳು ಕಪಾಟಿನ ಕೆಳಗಿನ ಖಾನೆಯಲ್ಲಿ, ಮುರಿದ ಬಣ್ಣದ ಕಡ್ಡಿಗಳ ಜೊತೆ ಬಿದ್ದಿದ್ದವು. ನಾನು ಒಂದನ್ನು ಕೈಗೆತ್ತಿಕೊಂಡಾಗ ಅವಳು ನನ್ನನ್ನು ನೋಡಿದ ರೀತಿಗೆ ತಕ್ಷಣ ಕೆಳಗಿಟ್ಟೆ. ಅಂದಿನಿಂದ ನನಗೂ ಸಣ್ಣವು ಆಟಿಗೆ ಸಾಮಾನೇ.

ಆ ವರ್ಷ ದಸರೆಗೆ ಮುಂಚೆ ಅಪ್ಪ ಪುಣೆಯಲ್ಲಿ ಸೀರೆಗಳ ಪ್ರದರ್ಶನಕ್ಕೆಂದು ಓಣಿಯ ಇನ್ನಿಬ್ಬರ ಜೊತೆ ಹೋದ. ಹೊರಡುವಾಗ ಅವ್ವ, ಜೋಳದ ಹಿಟ್ಟಿಗೆ ಸಣ್ಣ ಕಣ್ಣಿನ ಸಾಣಿಗೆಯೊಂದು ಬೇಕೆಂದು ಮೂರು ಸಲ ಹೇಳಿ ಕಳಿಸಿದ್ದಳು. ಆರನೆಯ ದಿನ ಮಧ್ಯಾಹ್ನ ಅಪ್ಪ ಬಂದ. ನಾವು ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಅಪ್ಪ ಕಾಲು ತೊಳೆದು ಬಂದವನೇ ತಾಟಿನ ಮುಂದೆ ಕೂರದೆ ಚೀಲಕ್ಕೆ ಕೈ ಹಾಕಿದ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಡಬ್ಬಿಯನ್ನು ನನ್ನ ತಾಟಿನ ಪಕ್ಕ ಇಟ್ಟ. ಒಳಗೆ ಒಂದು ಹಂಟರ್. ನನ್ನ ಹಂಟರಿನ ಅರ್ಧದಷ್ಟು ಉದ್ದ.

"ತಿರಿವಿ ಬುಡಾ ನೋಡವಾ," ಅಂದ ಅಪ್ಪ. ಪ್ರಯಾಣದ ದಣಿವಿನಲ್ಲೂ ಮುಖ ಬೆಳಗುತ್ತಿತ್ತು. "ಒಂದರ ನೂರಾ ನಲವತ್ನಾಕು! ಅಂಗಡಿಯವ ದೊಡ್ಡದೂ ತೋರಿಸಿದ. ನಿನ್ನ ಹಂತ್ಯಾಕ ಐತಲ್ಲ, ಅಂಥಾದ್ದು. ಬುಡಾ ತಿರಿವಿ ನೋಡಿದ್ರ ಬರೇ ಎಪ್ಪತ್ತೆರಡು. ನನ್ನ ಮಗಳಿಗೆ ಜಾಡ ಕೆಲಸದ್ದ ಯಾಕ ಒಯ್ಲಿ ಅಂದೆ. ನೂರಾ ನಲವತ್ನಾಕು, ಅದೂ ಒಂದ ಎಳಿದು. ಇಷ್ಟ ಸಣ್ಣ ಕೆಲಸ ನಮ್ಮ ಬನಹಟ್ಟಿಯೊಳಗ ಯಾವ ಮಗನೂ ನೋಡಿಲ್ಲ."

ನಾನು ವಿಮಾನದ ಹೊಟ್ಟೆಯ ಮೇಲಿನ ಅಂಕಿ ನೋಡಿದೆ. ಅಪ್ಪನನ್ನು ನೋಡಿದೆ. ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಅಂಗಡಿಯಲ್ಲಿ ಎರಡನ್ನೂ ಮುಂದಿಟ್ಟುಕೊಂಡು, ಮರಾಠಿಯಲ್ಲಿ ಮಾತಾಡುತ್ತ, ಹೊಟ್ಟೆ ತಿರುಗಿಸಿ ಚೀಟಿ ಓದಿದಂತೆ ಓದಿ, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಬಳಸಿ ಅಪ್ಪ ನನಗಾಗಿ ಆರಿಸಿದ್ದು ಇದನ್ನು. ಆಗ ಒಂದು ಮಾತು ಹೇಳಬಹುದಿತ್ತು. ಅಪ್ಪಾ, ಇದು ನೂಲಿನ ನಂಬರ್ ಅಲ್ಲ, ಅಳತೆ, ಎಂದಿದ್ದರೆ ಅವನು ನಕ್ಕುಬಿಡುತ್ತಿದ್ದ, ಅವ್ವನೂ ನಗುತ್ತಿದ್ದಳು, ಆಯಿಗೆ ಯಾಕೆ ನಗುತ್ತಿದ್ದಾರೆಂದು ಬಿಡಿಸಿ ಹೇಳಬೇಕಾಗುತ್ತಿತ್ತು, ಅಲ್ಲಿಗೆ ಮಾತು ಮನೆಯೊಳಗೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಅಪ್ಪನ ಮನಸ್ಸು ನೋಯಬಾರದೆಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಖರೆಯಲ್ಲ. ನನ್ನ ಕಣ್ಣ ಮುಂದೆ ಅಶ್ವಿನಿಯ ಕಪಾಟಿನ ಕೆಳಗಿನ ಖಾನೆ ಬಂದಿತ್ತು. ಸಿಟ್ಟಿನಿಂದ ಮಾತು ಹೊರಡಲಿಲ್ಲ, ಅಷ್ಟೇ.

"ಸಾಣಿಗಿ ಎಲ್ಲಿ?" ಅಂದಳು ಅವ್ವ.

ಅಪ್ಪ ಚೀಲದೊಳಗೆ ನೋಡಿದ, ಅವ್ವನನ್ನು ನೋಡಿದ, ಮತ್ತೆ ಚೀಲದೊಳಗೆ ನೋಡಿದ.

"ಸಣ್ಣ ಕಣ್ಣಿನ ಸಾಣಿಗಿ ತರ್ರಿ ಅಂತ ಬಾಯಿ ಹರಕೊಂಡು ಹೇಳಿದ್ರ ಸಣ್ಣ ಇಮಾನ ತಂದಾರ ನೋಡು! ಇದರಾಗ ಹಿಟ್ಟ ಸೋಸ್ಲ್ಯಾ ನಾ?"

ಜಗಳ ಜೋರಾಗಿ ನಡೆಯಿತು. ಅವ್ವ ಎರಡು ದಿನ ಅಪ್ಪನ ರೊಟ್ಟಿಗೆ ಬೆಣ್ಣೆ ಹಾಕಲಿಲ್ಲ. ಅಪ್ಪ ಮಾತ್ರ ಬಂದವರಿಗೆಲ್ಲ ಹಲಗೆ ತೋರಿಸಿ ಸಣ್ಣ ನೂಲಿನ ವಿಮಾನದ ಕತೆ ಹೇಳುತ್ತಿದ್ದ. ನಾನು ಅದನ್ನು ಮಿಗ್ಗಿನ ಹಿಂದೆ ಮರೆಮಾಡಿಡುತ್ತಿದ್ದೆ. ಹಗುರವಾದದ್ದರಿಂದ ಅದು ಉಳಿದವಕ್ಕಿಂತ ಬೇಗ ಸರಿಯುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಮಗ್ಗದ ನಡುಕಕ್ಕೆ ಮತ್ತೆ ಮುಂದೆ ಬಂದು ನಿಂತಿರುತ್ತಿತ್ತು.

ಮುಂದಿನ ರವಿವಾರ ನಾನು ಮಾಡಿದ್ದನ್ನು ಬರೆಯುವುದಕ್ಕೆ ಈಗಲೂ ಕೈ ಹಿಂಜರಿಯುತ್ತದೆ. ಅಶ್ವಿನಿಯ ಮನೆಯಲ್ಲಿ ಆ ದಿನ ಹೋಲಿಸಿ ನೋಡಲು ನನ್ನ ಬಳಿ ಹೊಸದೇನೂ ಇರಲಿಲ್ಲ. ಅವಳಿಗೆ ಬೇಸರ ಬಂದಿತ್ತು, ನನ್ನನ್ನು ಬೇಗ ಕಳಿಸಿಬಿಡುತ್ತಾಳೇನೋ ಎಂದು ನನಗೆ ಅಳುಕು. ಆಗ ಅವಳನ್ನು ಹಿಡಿದಿಟ್ಟುಕೊಳ್ಳಲು ನನ್ನ ಹತ್ತಿರ ಇದ್ದದ್ದನ್ನು ಹೊರತೆಗೆದೆ. ಅಪ್ಪನ ಕತೆ ಹೇಳಿದೆ. ಬರೀ ಹೇಳಲಿಲ್ಲ, ಮಾಡಿ ತೋರಿಸಿದೆ. ಕೆಳಗಿನ ಖಾನೆಯ ಒಂದು ಸಣ್ಣ ವಿಮಾನ ತೆಗೆದುಕೊಂಡು, ಅದರ ರೆಕ್ಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾರೆ ಮಾಡಿ ಹೊರಳಿಸಿದೆ. ಅಪ್ಪನ ದನಿಯಲ್ಲಿ, ಒಂದರ ನೂರಾ ನಲವತ್ನಾಕು ಐತೋ ತಮ್ಮಾ ಇದು, ಅಂದೆ. ಅಶ್ವಿನಿ ಹೊಟ್ಟೆ ಹಿಡಿದುಕೊಂಡು ಹಾಸಿನ ಮೇಲೆ ಹೊರಳಾಡಿದಳು. ಇನ್ನೊಮ್ಮೆ ಮಾಡು ಅಂದಳು. ಮಾಡಿದೆ. ಮತ್ತೊಮ್ಮೆ ಅಂದಳು. ಮತ್ತೊಮ್ಮೆಯೂ ಮಾಡಿದೆ. ಅವಳನ್ನು ಅಷ್ಟು ನಗಿಸಿದ ಹೆಮ್ಮೆಯಲ್ಲಿ ರಬಕವಿಯಿಂದ ನಡೆದುಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

ಖಂಡೇಪೂಜೆಯ ದಿನ ನಮ್ಮಲ್ಲಿ ಮಗ್ಗಗಳು ನಿಲ್ಲುತ್ತವೆ. ಹಿಂದಿನ ದಿನವೇ ಅಪ್ಪ ಮಗ್ಗದ ಮೂಲೆ ಮೂಲೆಯ ಎಣ್ಣೆ ಜಿಡ್ಡು, ಹತ್ತಿಯ ದೂಳು ಒರೆಸಿದ್ದ. ಲಾಳಿ, ಕತ್ತರಿ, ಪಾನಾ, ಅವ್ವ ನೂಲು ಸುತ್ತುವ ರಾಟಿ ಎಲ್ಲವನ್ನೂ ಮಗ್ಗದ ಮುಂದೆ ಸಾಲಾಗಿ ಜೋಡಿಸಿ ವಿಭೂತಿ ಬಳಿದು ಹೂವೇರಿಸಿದ್ದರು. ವಿಮಾನಗಳನ್ನು ತಂದಿಟ್ಟವಳು ಆಯಿ.

"ಖಂಡೇಪೂಜಿಗೆ ಆಯುಧ ಇಡಬೇಕು. ನಮ್ಮ ಮನ್ಯಾಗ ಆಯುಧ ಅಂದ್ರ ಇವ ಅಲ್ಲೇನ ಬೇ?"

ಅಪ್ಪ ಸಣ್ಣ ಹಂಟರನ್ನು ನಟ್ಟನಡುವೆ, ತನ್ನ ಲಾಳಿಯ ಪಕ್ಕದಲ್ಲಿಟ್ಟ. ಅದರ ಮೂಗಿನ ಮೇಲೆ ಕುಂಕುಮದ ಬೊಟ್ಟು, ಬೆನ್ನಿನ ಮೇಲೆ ಒಂದು ಸೇವಂತಿಗೆ. ವಿಮಾನ ಹೂವಿನಡಿ ಕಾಣುತ್ತಲೇ ಇರಲಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಸಾವಕಾರ್ರು ಬಂದರು. ಆ ದಿನ ತಮ್ಮ ನೇಕಾರರ ಮನೆಗಳಿಗೆಲ್ಲ ಬಂದು ಕುಂಕುಮ ಹಚ್ಚಿಕೊಂಡು ಹೋಗುವುದು ಅವರ ರೂಢಿ. ಜೊತೆಗೆ ಅಂಗಡಿಯ ಇಬ್ಬರು, ಹೊಸ ಲಂಗ ತೊಟ್ಟ ಅಶ್ವಿನಿ. ಅವಳು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನಾನು ಪಡಸಾಲೆಯ ಸುಣ್ಣ ಕಿತ್ತ ಜಾಗಕ್ಕೆ ಬೆನ್ನು ಕೊಟ್ಟು ನಿಂತುಕೊಂಡೆ.

"ಬರ್ರಿ ಸಾವಕಾರ್ರ, ಕುಂಡ್ರ್ರಿ."

"ಕುಂಡ್ರತೀನಪಾ ಮಲ್ಲಪ್ಪ. ಮೊದಲ ಅದನ್ನ ತೋರಸು. ನಿನ್ನ ಹಂತ್ಯಾಕ ಭಾರಿ ಸಣ್ಣ ನೂಲಿನ ಇಮಾನ ಐತೆಂತ ಕೇಳೇನಿ."

ಸಾವಕಾರ್ರ ಕಿವಿಯವರೆಗೂ ಸುದ್ದಿ ಮುಟ್ಟಿದೆಯೆಂದು ಅಪ್ಪನಿಗೆ ಹಿಗ್ಗು. ಹೂವು ಸರಿಸಿ, ವಿಮಾನ ಎತ್ತಿ, ಧೋತರದ ಚುಂಗಿನಿಂದ ಒರೆಸಿ ಎರಡೂ ಕೈಯಿಂದ ಕೊಟ್ಟ.

"ಬುಡಾ ನೋಡ್ರಿ. ನೂರಾ ನಲವತ್ನಾಕು. ಆ ದೊಡ್ಡವೆಲ್ಲಾ ಬರೇ ಎಪ್ಪತ್ತೆರಡ್ರಿ, ಜಾಡ ಕೆಲಸ."

ಸಾವಕಾರ್ರು ಬುಡ ನೋಡಲಿಲ್ಲ. ವಿಮಾನದ ರೆಕ್ಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ಮೆಲ್ಲಗೆ ಹೊರಳಿಸಿದರು.

"ಹೌದೋ ತಮ್ಮಾ. ನೂರಾ ನಲವತ್ನಾಕು ಐತಿ ಇದು."

ಅಂಗಡಿಯ ಇಬ್ಬರೂ ಗೊಳ್ಳೆಂದು ನಕ್ಕರು. ಅಶ್ವಿನಿ ಮುಖ ಮುಚ್ಚಿಕೊಂಡಳು. ಮಗ್ಗ ನಿಂತಿದ್ದರಿಂದ ಆ ನಗು ಇಡೀ ಮನೆಗೆ ಕೇಳಿಸಿತು. ಅಪ್ಪ, ನಗು ಯಾಕೆಂದು ತಿಳಿಯದೆ, ತಾನೂ ನಗಬೇಕೇನೋ ಎಂಬಂತೆ ಬಾಯಿ ಅರ್ಧ ತೆರೆದು ನಿಂತಿದ್ದ.

"ಅದು ನೂಲಿನ ನಂಬರ ಅಲ್ಲೋ ಹುಚ್ಚಪ್ಪಾ, ಅಳತಿ ಅದು. ದೊಡ್ಡದ ಬಿಟ್ಟ ಸಣ್ಣದ ತಂದೀಯಲ್ಲ! ನಿನ್ನ ಮಗಳು ನಮ್ಮ ಹುಡಿಗಿ ಮುಂದ ಎಷ್ಟ ಛಲೋ ಮಾಡಿ ತೋರಿಸ್ಯಾಳಂತಿ, ನಕ್ಕ ನಕ್ಕ ಸಾಕಾತು ನಮಗ."

ಸಾವಕಾರ್ರು ಕೆಟ್ಟ ಮನುಷ್ಯರಲ್ಲ. ಅವರಿಗೆ ಅದೊಂದು ಹಬ್ಬದ ದಿನದ ತಮಾಷೆ, ಅಷ್ಟೇ. ಅಪ್ಪ ನನ್ನ ಕಡೆ ತಿರುಗಿದ. ಸಾವಕಾರ್ರ ಬೆರಳುಗಳಲ್ಲಿ ಅವನು ತನ್ನ ಬೆರಳುಗಳನ್ನು ಗುರುತಿಸಿದ್ದ. ಅವು ಅಲ್ಲಿಗೆ ಯಾರಿಂದ ಹೋದವೆಂಬುದೂ ಆಗ ತಿಳಿದಿತ್ತು.

"ಹೌದೇನವಾ ಗೌರಾ?"

ಅಶ್ವಿನಿ ನನ್ನನ್ನೇ ನೋಡುತ್ತಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ನಕ್ಕೆ. ತಲೆ ತಗ್ಗಿಸಬಹುದಿತ್ತು, ಅಳಬಹುದಿತ್ತು, ಒಳಗೆ ಓಡಬಹುದಿತ್ತು. ನಾನು ನಕ್ಕೆ, ಅದೂ ಮಗ್ಗದ ಮನೆಯ ಗಂಟಲಿನಿಂದ, ಎಲ್ಲರಿಗಿಂತ ಜೋರಾಗಿ. ಎಲ್ಲರ ನಂತರ ಅಪ್ಪನೂ ನಕ್ಕ. ಹೋಳಿಗೆ ಉಂಡೇ ಹೋಗಬೇಕೆಂದು ಬಂದವರಿಗೆ ತಾನೇ ತಾಟು ಹಾಕಿದ, ತುಪ್ಪ ಬಡಿಸಿದ.

ಅವರು ಹೋದ ಮೇಲೆ ನಾವು ಊಟಕ್ಕೆ ಕೂತೆವು. ಅವ್ವ ಯಾರ ಮುಖವನ್ನೂ ನೋಡದೆ ಬಡಿಸುತ್ತಿದ್ದಳು. ಅರ್ಧ ಊಟವಾದ ಮೇಲೆ ಅಪ್ಪ ಕೇಳಿದ.

"ಹಂಗಾರ ಅದರ ಅರ್ಥ ಏನವಾ?"

"ಖರೆ ಇಮಾನಾ ನೂರಾ ನಲವತ್ನಾಕು ಪಾಲು ಮಾಡಿದ್ರ ಅದರಾಗಿಂದ ಒಂದ ಪಾಲು," ಅಂದೆ, ತಾಟು ನೋಡುತ್ತ.

"ಅಂದ್ರ ಇದನ್ನ ಒಂದರ ಮುಂದೊಂದು ನೂರಾ ನಲವತ್ನಾಕು ಸಲ ಇಟ್ರ ಖರೆ ಇಮಾನದ ಉದ್ದ ಆತು."

"ಹೂಂ."

ಅಪ್ಪ ಹೋಳಿಗೆ ಮುರಿದ, ತಿನ್ನಲಿಲ್ಲ.

"ನಾ ತಂದ ದಿನಾನ ನಿನಗ ಗೊತ್ತಿತ್ತೇನು?"

ನಾನು ಅವ್ವನ ಕಡೆ ತಿರುಗಿ ಇನ್ನೊಂದು ಹೋಳಿಗೆ ಕೇಳಿದೆ. ಅಪ್ಪ ಎರಡನೆಯ ಸಲ ಕೇಳಲಿಲ್ಲ, ಆ ದಿನವೂ, ಮುಂದೆಂದೂ.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾವಕಾರ್ರ ಅಂಗಡಿಯಲ್ಲಿ ಅಪ್ಪನಿಗೆ ನೂರಾ ನಲವತ್ನಾಕು ಎಂಬ ಹೆಸರು ಬಿತ್ತು. ಅಂಗಡಿಯಿಂದ ಅದು ಓಣಿಗೂ ಬಂತು. ಯಾರೂ ದ್ವೇಷದಿಂದ ಕರೆಯುತ್ತಿರಲಿಲ್ಲ, ಸಲಿಗೆಯಿಂದಲೇ ಕರೆಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ಒಬ್ಬ ಎಳೆ ಹಿಡಿದುಕೊಂಡು ಬಂದ. ಅಪ್ಪ ಮಗ್ಗ ನಿಲ್ಲಿಸಲಿಲ್ಲ. ಮಷೀನಿನ್ಯಾಗ ತೂಕಾ ಮಾಡಿಸಿ ನೋಡಪಾ, ನನಗ ತಿಳಿಯೂದಿಲ್ಲ, ಎಂದು ಸದ್ದಿನ ಮೇಲೆ ಕೂಗಿ ಹೇಳಿದ. ಇನ್ನೊಬ್ಬ ಬಂದ, ಅವನಿಗೂ ಅದೇ ಮಾತು. ಬರಬರುತ್ತ ಎಳೆ ಹಿಡಿದು ಬರುವವರೇ ಇಲ್ಲವಾದರು. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ಕೊನೆಯತನಕ ಅವನು ಯಾರ ನೂಲನ್ನೂ ಮುಟ್ಟಿ ನಂಬರು ಹೇಳಲಿಲ್ಲ. ಒಮ್ಮೆ, ನಾನು ಕೆಲಸಕ್ಕೆ ಸೇರಿ ಮುಧೋಳದಲ್ಲಿ ಮನೆ ಮಾಡಿದ ಮೇಲೆ, ಹೊಸ ಸೀರೆಯ ಸೆರಗಿನಿಂದ ಒಂದು ಎಳೆ ಎಳೆದು ಅವನ ಮುಂದೆ ಹಿಡಿದೆ. ಇದು ಎಷ್ಟರದು ಅಪ್ಪಾ ಎಂದು ಕೇಳಿದೆ. ನೀನ ನೋಡವಾ, ನಿನಗ ತಿಳಿತೈತಿ, ಅಂದ. ಕುಹಕ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗ ನನ್ನ ಕಪಾಟಿನಲ್ಲಿ ಮೂವತ್ತಕ್ಕೂ ಹೆಚ್ಚು ವಿಮಾನಗಳಿವೆ, ನೋಡಿದವರು ನನ್ನ ಕಣ್ಣಿನ ಚುರುಕನ್ನು ಹೊಗಳುತ್ತಾರೆ. ಎರಡು ವಸ್ತುಗಳನ್ನು ಪಕ್ಕದಲ್ಲಿಟ್ಟು ಯಾವುದರಲ್ಲಿ ಏನು ಕೊರತೆಯೆಂದು ಕ್ಷಣದಲ್ಲಿ ಹೇಳುವ ಈ ವಿದ್ಯೆಯನ್ನು ನಾನು ಮೊದಲು ಪ್ರಯೋಗಿಸಿದ್ದು ನನ್ನ ಮನೆಯ ಮೇಲೆ, ಅಪ್ಪನ ಮೇಲೆ. ನನ್ನಲ್ಲಿ ಸಣ್ಣದು ಅಂತ ಏನಾದರೂ ಇದ್ದರೆ ಅದು ಇದೇ, ಮತ್ತು ಅದು ಅಪ್ಪನ ಅರ್ಥದಲ್ಲಿ ಸಣ್ಣದಲ್ಲ.

ಆದರೆ ಇದೆಲ್ಲಕ್ಕೂ ಮೊದಲು ಅಪ್ಪ ಖಂಡೇಪೂಜೆಯ ಮರುದಿನವೇ, ಬನ್ನಿಯ ಹಬ್ಬದ ಬೆಳಿಗ್ಗೆ, ಇನ್ನೊಂದು ಕೆಲಸ ಮಾಡಿದ. ಮಗ್ಗಗಳು ಇನ್ನೂ ನಿಂತೇ ಇದ್ದವು, ಓಣಿಯ ಜನರೆಲ್ಲ ಹೊಸ ಬಟ್ಟೆ ತೊಟ್ಟು ಕಟ್ಟೆಗಳ ಮೇಲೆ ಕೂತಿದ್ದರು. ಅಪ್ಪ ಪಡಸಾಲೆಯಲ್ಲಿ ಒಂದು ಹಲಗೆಯ ತುಂಡಿನ ಮೇಲೆ ಸಣ್ಣ ಹಂಟರನ್ನಿಟ್ಟು, ಮೂಗಿಗೊಂದು ಬಾಲಕ್ಕೊಂದು ಗುರುತು ಮಾಡಿ, ಎರಡು ಮೊಳೆ ಹೊಡೆದ. ಕೆಂಪು ನೂಲು ತಂದು ಮೊಳೆಗಳಿಗೆ ಸುತ್ತತೊಡಗಿದ. ಒಂದು ಸುತ್ತಿಗೆ ಎರಡು ಉದ್ದ, ಎಪ್ಪತ್ತೆರಡು ಸುತ್ತಿಗೆ ನೂರಾ ನಲವತ್ನಾಲ್ಕು. ಬಾಯಲ್ಲಿ ಎಣಿಸುತ್ತಿದ್ದದ್ದು ಒಳಗಿದ್ದ ನನಗೂ ಕೇಳುತ್ತಿತ್ತು. ಆಮೇಲೆ ದೊಡ್ಡ ಹಂಟರಿಗೆ ಬೇರೆ ಮೊಳೆ, ಹಳದಿ ನೂಲು, ಮೂವತ್ತಾರು ಸುತ್ತು. ಎರಡನ್ನೂ ಬಿಡಿಸಿ ಬೇರೆ ಬೇರೆ ಉಂಡೆ ಮಾಡಿಕೊಂಡು ಹೊರಬಾಗಿಲಿಗೆ ಹೋಗಿ ನಿಂತ.

"ಗೌರಾ, ಒಂದ ತುದಿ ಹಿಡಿ ಬಾ ಬೇ."

ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ. ಎದುರಿನ ಕಟ್ಟೆಯಿಂದ ಯಾರೋ ಕೂಗಿದರು. "ಏನ್ ಮಲ್ಲಪ್ಪಾ, ನೂರಾ ನಲವತ್ನಾಕರ ಹಾಸ ಹಾಕಾಕತ್ತೀಯೇನು?" ಮಗ್ಗಕ್ಕೆ ಉದ್ದದ ಎಳೆ ಹಾಸುವ ಕೆಲಸಕ್ಕೆ ಹೋಲಿಸಿದ ಆ ಮಾತಿಗೆ ಕಟ್ಟೆಯವರೆಲ್ಲ ನಕ್ಕರು. ನನ್ನ ಪಕ್ಕದಲ್ಲಿ ಹೂವು ಕಟ್ಟುತ್ತ ಕೂತಿದ್ದ ಆಯಿ ನನ್ನ ಮೊಣಕಾಲಿಗೆ ತಿವಿದಳು.

"ಕರೆಯಾಕತ್ತಾನ ಕೇಳೂದಿಲ್ಲೇನು? ಹೋಗಿ ತುದಿ ಹಿಡಿ."

"ನನಗ ತಲಿ ನೋಯಾಕತ್ತೈತಿ."

ಪಡಸಾಲೆಯ ಕಿಟಕಿಗೆ ಬಂದು ಮರೆಯಿಂದ ನೋಡಿದೆ. ಅಪ್ಪ ತುದಿ ಹಿಡಿದುಕೊಂಡು ಒಳಗಿನ ಕಡೆ ಮುಖ ಮಾಡಿ ನಿಂತೇ ಇದ್ದ. ಬಹಳ ಹೊತ್ತು ನಿಂತಿದ್ದನೆಂದು ನನಗೆ ಅನಿಸುತ್ತದೆ, ಇರಲಿಕ್ಕಿಲ್ಲ. ಆಮೇಲೆ ತುದಿಯನ್ನು ಬಾಗಿಲ ಚಿಲಕದ ಬಳೆಗೆ ಕಟ್ಟಿ, ನೂಲು ಬಿಡುತ್ತ ಹಿಂದಕ್ಕೆ ಹಿಂದಕ್ಕೆ ನಡೆದ. ಒಂದು ಸೈಕಲ್ ಬಂತು. ಎಳೆಯನ್ನು ತಲೆಯ ಮೇಲೆತ್ತಿ ಅದಕ್ಕೆ ದಾರಿ ಬಿಟ್ಟ. ಒಂದು ಮನೆ ದಾಟಿತು, ಎರಡು ಮನೆ ದಾಟಿತು. ಮೂರನೆಯ ಮನೆಯ, ಬಾಳವ್ವನ ಹೊಸ್ತಿಲಿಗೆ ಕೆಂಪು ನೂಲು ಮುಗಿಯಿತು. ಅದರ ತುದಿಯ ಮೇಲೊಂದು ಕಲ್ಲಿಟ್ಟು ತಿರುಗಿ ಬಂದು, ಹಳದಿಯ ತುದಿಯನ್ನೂ ಅದೇ ಚಿಲಕಕ್ಕೆ ಕಟ್ಟಿ ಮತ್ತೆ ನಡೆದ. ಕಟ್ಟೆಯ ಮೇಲಿದ್ದವರ ನಗು ಅಷ್ಟರಲ್ಲಿ ನಿಂತಿತ್ತು. ಇಬ್ಬರು ಎದ್ದು ಅವನ ಹಿಂದೆ ಹೊರಟರು. ಹಳದಿಯೂ ಬಾಳವ್ವನ ಹೊಸ್ತಿಲಿಗೇ ಬಂದು ಮುಗಿಯಿತು, ಒಂದು ಗೇಣು ಹೆಚ್ಚುಕಮ್ಮಿ. ಇಷ್ಟುದ್ದ ಇರ್ತೈತೇನೋ ಇಮಾನ, ಎಂದು ಯಾರೋ ಬೆರಗಿನಿಂದ ಹೇಳಿದ್ದು ಕೇಳಿಸಿತು. ಆಮೇಲೆ ಅಪ್ಪನ ದನಿ, ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ದೊಡ್ಡದಾದ ದನಿ, ಇಡೀ ಓಣಿಗೆ ಕೇಳುವಂತೆ. ಅದರಲ್ಲಿ ನೋವಿರಲಿಲ್ಲ, ಹೊಸದೊಂದನ್ನು ತಿಳಿದುಕೊಂಡ ಸಂತೋಷವಿತ್ತು.

"ಗೌರಾ! ನೋಡ ಬಾ ಬೇ! ನಿನ್ನ ದೊಡ್ಡದೂ ನನ್ನ ಸಣ್ಣದೂ ಒಂದ ಬಾಗಲಕ್ಕ ಬಂದ ನಿಂತಾವು!"

ನಾನು ಹೋಗಲಿಲ್ಲ.

ಸಂಜೆ ಎಲ್ಲರಂತೆ ನಾನೂ ಅಪ್ಪನ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, ಬಂಗಾರದಂಗ ಇರವಾ, ಅಂದ. ಆಮೇಲೆ ಓಣಿಯವರಿಗೆ ಬನ್ನಿ ಕೊಡಲೆಂದು ಹೊರಬಾಗಿಲಿಗೆ ಬಂದೆ. ಅಪ್ಪ ನೂಲು ಕತ್ತರಿಸಿ ಸುತ್ತಿ ಒಳಗಿಟ್ಟಿದ್ದ. ಚಿಲಕದ ಬಳೆಯಲ್ಲಿ ಕೆಂಪು ಒಂದು, ಹಳದಿ ಒಂದು, ಎರಡು ಗಂಟುಗಳು ಮಾತ್ರ ಉಳಿದಿದ್ದವು. ನಾನು ಹಿಡಿದಿದ್ದರೆ ಅವನು ಆ ಗಂಟು ಹಾಕಬೇಕಾಗುತ್ತಿರಲಿಲ್ಲ.